ತಪ್ಪಿಹೋದ ಎಂಟು ಗಂಟೆ

ಅಮೆರಿಕದಲ್ಲಿ ಮನೆಸಾಲ ಕೊಡಿಸುವ ಕೆಲಸ ನನ್ನದು. ಒಂದು ವರ್ಷ ಅಪ್ಪನ ಕಾಯಿಲೆ ಅಂತ ಊರಿಗೆ ಓಡಿ, ಕಡ್ಡಾಯದ ಎಂಟು ಗಂಟೆ ಪಾಠ ತಪ್ಪಿಸಿಕೊಂಡೆ. ಡಿಸೆಂಬರ್ 31 ದಾಟಿತು, ಲೈಸೆನ್ಸ್ ಹೋಯ್ತು. ಸಂಪಾದನೆಯೂ ನಿಂತಿತು!

ಈ ಎಂಟು ಗಂಟೆ ಎಲ್ಲಿಂದ ಬಂತು ಅಂತ ಕೆದಕಿದ್ದು ಆಗಲೇ. ಸಬ್‌ಪ್ರೈಮ್ ಹುಚ್ಚಿನ ದಿನಗಳಲ್ಲಿ ರಾಜ್ಯಕ್ಕೊಂದು ನಿಯಮ. ಒಂದು ಕಡೆ ಲೈಸೆನ್ಸ್ ಕಳಕೊಂಡವನು ಪಕ್ಕದ ರಾಜ್ಯದಲ್ಲಿ ಅಂಗಡಿ ತೆರೆಯಬಹುದಿತ್ತು. ಆದಾಯದ ಪುರಾವೆ ಕೇಳದೆ ಕೊಟ್ಟ ಸಾಲಗಳು ಮುಳುಗಿ, ಜನ ಮನೆ ಕಳಕೊಂಡ ಮೇಲೆ, 2008ರ ಜುಲೈ 30ರಂದು ಬುಷ್ ಸಹಿಯೊಂದಿಗೆ ಸೇಫ್ ಆಕ್ಟ್ ಬಂತು. ಎಂಟರಲ್ಲಿ 3 ಗಂಟೆ ಫೆಡರಲ್ ಕಾನೂನು, 2 ಗಂಟೆ ನೀತಿ, 2 ಗಂಟೆ ಮಾಮೂಲಲ್ಲದ ಸಾಲಗಳು (ಮುಳುಗಿಸಿದ್ದು ಅವೇ ತಾನೆ!). ಹೆಚ್ಚಿಗೆ ಓದಿದರೂ ಮುಂದಿನ ವರ್ಷಕ್ಕೆ ಜಮಾ ಇಲ್ಲ. ಹಿಂದಿನ ವರ್ಷದ ಕೋರ್ಸನ್ನೇ ಮತ್ತೆ ಓದಿ ಲೆಕ್ಕ ತೋರಿಸುವಂತಿಲ್ಲ. ತಪ್ಪಿಸಿಕೊಂಡವರಿಗೆ 'ಲೇಟ್ ಸಿಇ' ಅಂತ ಬೇರೆ ಕೋರ್ಸು. ಐದು ವರ್ಷ ಲೈಸೆನ್ಸ್ ಇಲ್ಲದೆ ಕಳೆದರೆ ಪರೀಕ್ಷೆಯೇ ಮತ್ತೆ.

ಗೊಣಗುತ್ತಲೇ ಕೂತೆ. ನೀತಿಯ ಪಾಠದಲ್ಲಿ ಒಂದು ಉದಾಹರಣೆ ಬಂತು: ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಆಮೇಲೆ ಏರಿಕೆ. 2006ರಲ್ಲಿ ನಾನೇ ಒಬ್ಬ ಗಿರಾಕಿಗೆ ಅಂಥದ್ದೇ ಸಾಲ ಕೊಡಿಸಿದ್ದೆ. ಮನೆ ಉಳಿಸಿಕೊಂಡರಾ ಅಂತ ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.