ಕಡಲನ್ನು ಮನೆಗೆ ತಂದವರು: ಮೊರೇ ಹಾವುಮೀನಿನ ಕಥೆ

ಕಡಲ ಮೀನನ್ನು ಮನೆಯಲ್ಲಿ ಸಾಕುವುದು ಗಾಜಿನ ತೊಟ್ಟಿ ಬಂದ ಮೇಲೆ ಹುಟ್ಟಿದ ಹವ್ಯಾಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಮೊರೇ ಎಂಬ ಹಾವುಮೀನು ಎರಡು ಸಾವಿರ ವರ್ಷಗಳ ಹಿಂದೆಯೇ ಮನುಷ್ಯನ ಅಂಗಳಕ್ಕೆ ಬಂದಿತ್ತು. ಹುರುಪೆಯಿಲ್ಲದ ಲೋಳೆ ಮೈ, ಎದೆಯ ಪಕ್ಕದಲ್ಲಿ ಈಜುರೆಕ್ಕೆಗಳಿಲ್ಲದ ಉದ್ದನೆಯ ದೇಹ, ಸದಾ ತೆರೆದು ಮುಚ್ಚುವ ಬಾಯಿ. ಕಂಡವರು ಅದನ್ನು ಕೋಪವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಉಸಿರಾಟ. ಈ ಮೀನನ್ನು ಸಾಕಿದವರ ಚರಿತ್ರೆಯೂ ಬಹುಮಟ್ಟಿಗೆ ಇಂತಹ ತಪ್ಪು ತಿಳಿವಳಿಕೆಯ ಚರಿತ್ರೆಯೇ.

ಕ್ರಿ.ಪೂ. 1ನೆಯ ಶತಮಾನದಲ್ಲಿ ರೋಮಿನ ಸಿರಿವಂತರು ನೇಪಲ್ಸ್ ಕೊಲ್ಲಿಯ ತೀರದಲ್ಲಿ ಉಪ್ಪುನೀರಿನ ಕೊಳಗಳನ್ನು ಕಟ್ಟಿಸಿದರು. ರಾಜ್ಯದ ಗತಿ ಏನಾದರೂ ಆಗಲಿ, ತಮ್ಮ ಕೊಳದ ಮೀನು ಕ್ಷೇಮವಾಗಿದ್ದರೆ ಸಾಕೆಂದು ಬಗೆಯುವ ಈ ಶ್ರೀಮಂತರನ್ನು ಸಿಸೆರೊ ತನ್ನ ಪತ್ರಗಳಲ್ಲಿ ಹಂಗಿಸಿದ್ದಾನೆ. ಮೊರೇಗೆಂದೇ ಪ್ರತ್ಯೇಕ ಕೊಳ ಕಟ್ಟಿಸಿದ ಮೊದಲಿಗನೆಂದು ಪ್ಲಿನಿ ಹೆಸರಿಸುವುದು ಗಾಯಸ್ ಹಿರಿಯಸ್‌ನನ್ನು. ಸೀಸರನ ವಿಜಯೋತ್ಸವದ ಔತಣಕ್ಕೆ ಅವನು ಮೊರೇಗಳನ್ನು ಮಾರಲಿಲ್ಲ. ತೂಕ ಹಾಕಿ, ಅಷ್ಟೇ ತೂಕದ ಮೀನನ್ನು ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ ಕಡ ಕೊಟ್ಟನು. ಹಿರಿಯಸ್‌ನ ಸಮಕಾಲೀನನಾದ ವರ್ರೊ ಆ ಮೀನುಗಳ ಸಂಖ್ಯೆಯನ್ನು 2000 ಎನ್ನುತ್ತಾನೆ. ಒಂದು ಶತಮಾನದ ಬಳಿಕ ಬರೆದ ಪ್ಲಿನಿಯಲ್ಲಿ ಅದು 6000 ಆಗಿದೆ. ಹೇಳುವವರ ಬಾಯಲ್ಲಿ ಮೀನು ಬೆಳೆಯುವುದು ಇಂದು ನಿನ್ನೆಯ ರೂಢಿಯಲ್ಲ. ಹಿರಿಯಸ್‌ಗೆ ಕಟ್ಟಡಗಳಿಂದ ಬರುತ್ತಿದ್ದ ಬಾಡಿಗೆಯೆಲ್ಲ ಮೀನಿನ ಆಹಾರಕ್ಕೇ ಮುಗಿಯುತ್ತಿತ್ತೆಂದು ವರ್ರೊ ಹೇಳುವ ಮಾತನ್ನು ಮಾತ್ರ ಇಂದಿನ ಹವ್ಯಾಸಿಗಳು ಅನುಮಾನಿಸಲಾರರು.

ಆ ಕೊಳಗಳ ಸುತ್ತ ಬೆಳೆದ ಪ್ರೀತಿಯೂ ವಿಚಿತ್ರ. ಕ್ರಿ.ಪೂ. 92ರಲ್ಲಿ ಸೆನ್ಸಾರ್ ಪದವಿಯಲ್ಲಿದ್ದ ಲೂಸಿಯಸ್ ಕ್ರಾಸಸ್ ತನ್ನ ಮೊರೇ ಸತ್ತಾಗ ಕಣ್ಣೀರಿಟ್ಟನು. ಸಹೋದ್ಯೋಗಿ ಡೊಮಿಷಿಯಸ್ ಅದನ್ನು ಹಂಗಿಸಿದಾಗ, ಮೂವರು ಹೆಂಡಿರನ್ನು ಮಣ್ಣು ಮಾಡಿಯೂ ಅಳದವನು ನೀನು ಎಂಬರ್ಥದ ಉತ್ತರ ಕೊಟ್ಟನಂತೆ. ಡ್ರೂಸಸ್‌ನ ಪತ್ನಿ ಆಂಟೋನಿಯಾ ತನ್ನ ನೆಚ್ಚಿನ ಮೊರೇಗೆ ಓಲೆ ತೊಡಿಸಿದಳು. ಅದನ್ನು ನೋಡಲೆಂದೇ ಜನ ಬೌಲಿಗೆ ಬರುತ್ತಿದ್ದರು. ಇದೇ ಸಮಾಜದಲ್ಲಿ ವೇಡಿಯಸ್ ಪೊಲಿಯೊ ಎಂಬವನು ಸ್ಫಟಿಕದ ಬಟ್ಟಲು ಒಡೆದ ಗುಲಾಮನನ್ನು ಮೊರೇ ಕೊಳಕ್ಕೆ ಎಸೆಯಲು ಆಜ್ಞಾಪಿಸಿದನು. ಅತಿಥಿಯಾಗಿದ್ದ ಚಕ್ರವರ್ತಿ ಅಗಸ್ಟಸ್ ಆ ಹುಡುಗನನ್ನು ಬಿಡಿಸಿ, ಉಳಿದ ಬಟ್ಟಲುಗಳನ್ನೆಲ್ಲ ಒಡೆಸಿ, ಕೊಳವನ್ನೇ ಮುಚ್ಚಿಸಿದನೆಂದು ಸೆನೆಕಾ ಬರೆದಿದ್ದಾನೆ. ಒಬ್ಬರಿಗೆ ಮೊರೇ ಮಗುವಾಯಿತು, ಇನ್ನೊಬ್ಬನಿಗೆ ಶಿಕ್ಷೆಯ ಸಾಧನವಾಯಿತು. ಅದನ್ನು ಮೀನಾಗಿ ಕಂಡವರು ವಿರಳ. ಆ ವಿರಳರಲ್ಲಿ ಕೃಷಿಗ್ರಂಥಕಾರ ಕೊಲುಮೆಲ್ಲ ಒಬ್ಬ. ಮೊರೇಯನ್ನು ಇತರ ಮೀನುಗಳೊಂದಿಗೆ ಬೆರೆಸಬಾರದೆಂದು ಅವನು ನೀಡಿದ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಅಷ್ಟು ಕಡಮೆ ತಿಳಿದಿದ್ದರೂ ರೋಮನ್ನರ ಮೀನು ಬದುಕಿದ್ದೇಕೆ? ಅವರ ಕೊಳಕ್ಕೂ ಕಡಲಿಗೂ ಕಾಲುವೆಯ ಸಂಪರ್ಕವಿತ್ತು. ಅದಕ್ಕಾಗಿ ಲೂಕಲಸ್ ಬೆಟ್ಟವನ್ನೇ ಕೊರೆಸಿದನು. ಉಬ್ಬರವಿಳಿತಗಳು ಕೊಳೆಯನ್ನು ಹೊತ್ತೊಯ್ದು ಹೊಸ ನೀರನ್ನು ತರುತ್ತಿದ್ದವು. ಒಡೆಯನ ಅಜ್ಞಾನದ ಬೆಲೆಯನ್ನು ಸಮುದ್ರವೇ ತೆರುತ್ತಿತ್ತು.

19ನೆಯ ಶತಮಾನದ ಗಾಜು ಆ ಕಾಲುವೆಯನ್ನು ಮುಚ್ಚಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ‘ಅಕ್ವೇರಿಯಂ’ ಎಂಬ ಪದವನ್ನು ಮನೆಮಾತಾಗಿಸಿತು. ಕೃತಕ ಸಮುದ್ರನೀರನ್ನು ತಯಾರಿಸುವ ಬಗೆಯನ್ನೂ ಅವನು ಪ್ರಕಟಿಸಿದನು. ಅಂದಿನಿಂದ ಕಡಲಿಲ್ಲದ ಊರಿನ ಕೋಣೆಯಲ್ಲೂ ಕಡಲನ್ನು ಇಡಬಹುದಾಯಿತು. ಆದರೆ ಉಬ್ಬರವಿಳಿತ ಮಾಡುತ್ತಿದ್ದ ಕೆಲಸವೆಲ್ಲ ಸಾಕುವವನ ತಿಳಿವಳಿಕೆಯ ಪಾಲಿಗೆ ಬಂದಿತು. ಲೀಟರಿಗೆ ಸುಮಾರು 35 ಗ್ರಾಂ ಲವಣ, ಕೊಳೆಯನ್ನು ಕರಗಿಸುವ ಶೋಧಕ, ಮೈಮರೆಸಿಕೊಳ್ಳಲು ಕಲ್ಲಿನ ಸಂದು, ಮೀನು ಜಾರಿ ಹೊರಬೀಳದಂತೆ ಬಿಗಿಯಾದ ಮುಚ್ಚಳ: ಇವುಗಳಲ್ಲಿ ಒಂದು ತಪ್ಪಿದರೂ ತೆರಬೇಕಾದವನು ಮೀನೇ.

ಈ ತಿಳಿವಳಿಕೆಯ ಮೊದಲ ಮೆಟ್ಟಿಲು ಗುರುತು. ಜಗತ್ತಿನಲ್ಲಿ ಸುಮಾರು 200 ಬಗೆಯ ಮೊರೇಗಳಿವೆ. ಬಣ್ಣವೊಂದನ್ನೇ ನಂಬುವಂತಿಲ್ಲ, ಹಲ್ಲಿನ ಆಕಾರ, ದವಡೆಯ ಬಾಗು, ಮೂಗಿನ ಕೊಳವೆಗಳನ್ನು ನೋಡಬೇಕು. ಬಿಳಿ ಮೈಮೇಲೆ ಕಪ್ಪು ಹೂಚುಕ್ಕೆಗಳಿರುವ ಸ್ನೋಫ್ಲೇಕ್ ಮೊರೇಯ ಹಲ್ಲು ಮೊಂಡು, ಏಡಿಯ ಚಿಪ್ಪನ್ನು ಅರೆಯಲು ತಕ್ಕುದು; ಮನೆಯ ದೊಡ್ಡ ತೊಟ್ಟಿಯಲ್ಲಿ ಅದು ಬಾಳೀತು. ಮರಿಯಾಗಿದ್ದಾಗ ಮುದ್ದಾಗಿ ಕಾಣುವ ಜಾವಾ ಮೊರೇ 3 ಮೀಟರಿನವರೆಗೆ ಬೆಳೆಯಬಲ್ಲದು. ರಿಬ್ಬನ್ ಮೊರೇ ಮರಿಯಲ್ಲಿ ಕಪ್ಪು, ಗಂಡಾದಾಗ ನೀಲಿ, ಹೆಣ್ಣಾದಾಗ ಹಳದಿ. ಒಂದೇ ಮೀನನ್ನು ಬೇರೆ ಬೇರೆ ಜಾತಿಗಳೆಂದು ವಿದ್ವಾಂಸರೇ ಬಹುಕಾಲ ಎಣಿಸಿದ್ದರು. ಸೆರೆಯಲ್ಲಿ ಅದು ಅನೇಕ ವೇಳೆ ಆಹಾರ ಮುಟ್ಟದೆ ಸಾಯುತ್ತದೆ.

ಗುರುತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ನೀರಿನದೇ ನಿದರ್ಶನವಿದೆ. ಟಿಪ್ಪುವಿನ ಪತನಾನಂತರ 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ಬೆಳೆ, ಕಸುಬು, ಜಾತಿಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ನನನ್ನು ಕನ್ನಡಿಗರು ಬಲ್ಲರು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಧರಿಸಿದ ಅದೇ ಬುಕಾನನ್ 1822ರಲ್ಲಿ ಗಂಗೆಯ ಮೀನುಗಳ ಕುರಿತು ಗ್ರಂಥ ಪ್ರಕಟಿಸಿದನು. ಅದರಲ್ಲಿ ವರ್ಣಿಸಿದ ಹಾವುಮೀನೊಂದಕ್ಕೆ ಇಂದಿನ ಶಾಸ್ತ್ರೀಯ ನಾಮ ಜಿಮ್ನೊಥೊರಾಕ್ಸ್ ಟಿಲೆ. ಅದರ ವಾಸ ಹೊಳೆ ಕಡಲನ್ನು ಸೇರುವ ಅಳಿವೆಯ ಉಪ್ಪುಮಿಶ್ರಿತ ನೀರು. ಗ್ರಂಥದ ಹೆಸರಿನಲ್ಲಿ ಗಂಗೆಯಿದ್ದ ಮಾತ್ರಕ್ಕೆ ಅದು ಸಿಹಿನೀರಿನ ಮೀನಾಗದು. ಆದರೂ ಅಕ್ವೇರಿಯಂ ವ್ಯಾಪಾರದಲ್ಲಿ ಇದು ‘ಸಿಹಿನೀರಿನ ಮೊರೇ’ ಎಂದೇ ಮಾರಾಟವಾಗುತ್ತದೆ. ಉಪ್ಪಿಲ್ಲದ ತೊಟ್ಟಿಯಲ್ಲಿ ಅದು ಮೊದಲು ಊಟ ಬಿಡುತ್ತದೆ, ಬಳಿಕ ಸೊರಗುತ್ತದೆ. ಕೊಂಡವರು ಕ್ರೂರಿಗಳಲ್ಲ, ಪ್ರೀತಿಯಿಂದಲೇ ನೀರು ಬದಲಿಸುತ್ತಾರೆ, ಮತ್ತೆ ಸಿಹಿನೀರನ್ನೇ ತುಂಬುತ್ತಾರೆ.

ಬುಕಾನನ್ ಹೋದಲ್ಲೆಲ್ಲ ಸ್ಥಳೀಯರನ್ನು ಕೇಳಿ ಬರೆದುಕೊಂಡವನು. ಮೊರೇಯನ್ನು ಮನೆಗೆ ತರಬಯಸುವವರು ಅಂಗಡಿಯಲ್ಲಿ ಕೇಳಬೇಕಾದುದೂ ಅಷ್ಟೇ: ಈ ಮೀನಿನ ಶಾಸ್ತ್ರೀಯ ಹೆಸರೇನು, ಯಾವ ನೀರಿನಿಂದ ಬಂದಿದೆ, ಎಷ್ಟು ಉದ್ದ ಬೆಳೆಯುತ್ತದೆ? ಉತ್ತರ ಸಿಗದಿದ್ದರೆ ಮೀನನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಆಂಟೋನಿಯಾಳ ಓಲೆಗಿಂತ ಮೊರೇಗೆ ಅಗತ್ಯವಾದುದು ಅದರ ಸರಿಯಾದ ಹೆಸರು.