ಹೊಗೆಗೂಡಿಲ್ಲದ ಒಲೆ

ಮುಂಬಯಿಯ ಹಳೆಯ ಚಾಳಿನ ಖೋಲಿಯನ್ನು ದುರಸ್ತಿ ಮಾಡಿಸುವಾಗ ಗವಂಡಿಯ ಸುತ್ತಿಗೆ ಮೊದಲು ಬೀಳುವುದು ಅಡಿಗೆಯ ಮೂಲೆಯ ಮೇಲೆ. ಸುಣ್ಣದ ಪದರಗಳು ಉದುರಿದಾಗ ಒಮ್ಮೊಮ್ಮೆ ಮಸಿ ಹಿಡಿದ ಗೋಡೆ ಕಾಣಿಸುತ್ತದೆ. ಅದರ ಮೇಲೆ ಟೈಲ್ಸ್ ಕೂರಿಸಿ ನಾವು ಮರೆತುಬಿಡುತ್ತೇವೆ. ಆ ಮಸಿಗೂ ಒಂದು ಚರಿತ್ರೆಯುಂಟು.

ತಾರದೇವದಲ್ಲಿ ಕಾವಸ್‌ಜಿ ನಾನಾಭಾಯಿ ದಾವರರ ಹತ್ತಿ ಗಿರಣಿ 1856ರಲ್ಲಿ ಕೆಲಸ ಆರಂಭಿಸಿತು. ಮುಂದೆ ಪರೇಲ್, ಲಾಲ್‌ಬಾಗ್, ವರ್ಲಿಗಳಲ್ಲಿ ಗಿರಣಿಗಳ ಚಿಮಣಿಗಳು ಎದ್ದವು. ಅವುಗಳ ಬುಡದಲ್ಲಿ ಚಾಳುಗಳು. ಸರಕಾರವೂ 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆಯನ್ನು ಸ್ಥಾಪಿಸಿ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಕಟ್ಟಡಗಳನ್ನು ಕಟ್ಟಿಸಿತು. ಬಿ.ಡಿ.ಡಿ. ಚಾಳು ಎಂದು ನಾವು ಹೇಳುವುದು ಇವಕ್ಕೇ. ಒಂದು ಕುಟುಂಬಕ್ಕೆ 160 ಚದರಡಿಯ ಒಂದು ಖೋಲಿ. ಗಿರಣಿಯ ಬಾಯ್ಲರಿನ ಹೊಗೆಯನ್ನು ಮುಗಿಲಿಗೆ ಮುಟ್ಟಿಸಲು ಇಟ್ಟಿಗೆಯ ಗೋಪುರ ಕಟ್ಟಿದ ಈ ನಗರ, ಕೂಲಿಕಾರನ ಅನ್ನ ಬೇಯುವ ಖೋಲಿಗೆ ಹೆಚ್ಚಿನ ಕಡೆ ಒಂದು ಹೊಗೆಗೂಡನ್ನೂ ಇಡಲಿಲ್ಲ. ಕಿಟಕಿ, ಬಾಗಿಲು, ಇಷ್ಟೇ ದಾರಿ.

ಈ ಕೊರತೆಯನ್ನು ಹೆಂಗಸರೇ ಹೊತ್ತುಕೊಂಡರು. ಶೇಗಡಿಗೆ ಇದ್ದಲು ತುಂಬಿ ಹೊತ್ತಿಸಿ, ಹೊಗೆ ಅಡಗುವ ತನಕ ಗ್ಯಾಲರಿಯಲ್ಲಿಟ್ಟು ಗಾಳಿ ಹಾಕಿ, ಕೆಂಡವಾದ ಮೇಲೆ ಒಳಗೆ ತರುವುದು. ಮಳೆಗಾಲದಲ್ಲಿ ಅದೂ ಕಷ್ಟ. ಹೊಗೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಊರಿನ ಒಲೆಯ ಹೊಗೆಯಾದರೂ ಉಪಯೋಗಕ್ಕೆ ಬರುತ್ತಿತ್ತು. ಅಟ್ಟದ ಮೇಲಿನ ಕೊಬ್ಬರಿಯನ್ನು ಒಣಗಿಸುತ್ತಿತ್ತು, ಮಾಡಿನ ಪಕ್ಕಾಸಿಗೆ ಹುಳು ಬೀಳದಂತೆ ಕಾಯುತ್ತಿತ್ತು, ಆಮೇಲೆ ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಇಲ್ಲಿ ಅದು ತಾಯಂದಿರ ಕಣ್ಣಿಗೆ, ಎದೆಗೆ ಹೋಯಿತು. ಇದ್ದಲ ಒಲೆಯ ಅಡಿಗೆಯ ರುಚಿಯನ್ನು ಹೊಗಳುವವರು ಹೆಚ್ಚಾಗಿ ಒಲೆಯ ಮುಂದೆ ಕುಳಿತವರಲ್ಲ, ಎಲೆಯ ಮುಂದೆ ಕುಳಿತವರು!

ಸ್ವಂತ ಒಲೆಯೇ ಇಲ್ಲದವರೂ ನಮ್ಮಲ್ಲಿ ಬಹಳ. ಹೊಟೇಲಿನಲ್ಲಿ ದುಡಿದು ಅಲ್ಲೇ ಮಲಗಿದ ಹುಡುಗರಿಗೆ ಹೊಟೇಲಿನ ಭಟ್ಟಿಯೇ ಒಲೆ. ಗಿರಣಿಯ ಒಂಟಿ ಗಂಡಸರಿಗೆ ಖಾನಾವಳಿ. ಅಂಥ ಖಾನಾವಳಿ ನಡೆಸುವ ಹೆಂಗಸರನ್ನು ಸಂಘಟಿಸಿ ಬ್ಯಾಂಕಿನಿಂದ ಸಾಲ ಕೊಡಿಸಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು.

1865ರಲ್ಲೇ ಬೀದಿದೀಪಕ್ಕೆ ಗ್ಯಾಸ್ ಕಂಡ ನಗರದಲ್ಲಿ ಅಡಿಗೆಗೆ ಸಿಲಿಂಡರು ಬಂದದ್ದು 1950ರ ದಶಕದ ನಡುವೆ. ಚಾಳಿನವರು ಆಮೇಲೂ ಬಹುಕಾಲ ರೇಶನ್ ಸೀಮೆಎಣ್ಣೆಯ ಸ್ಟೌ ನೆಚ್ಚಿದ್ದರು. ಗ್ಯಾಸ್ ಬಂದಾಗ ಅದರೊಂದಿಗೆ ಕಟ್ಟೆ ಬಂತು. ನೆಲದಲ್ಲಿ ಕುಳಿತು ಬೇಯಿಸುತ್ತಿದ್ದವರು ಎದ್ದು ನಿಂತರು. ಶೇಗಡಿ ಭಂಗಾರವಾಲಾನ ಚೀಲ ಸೇರಿತು.

1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಚಿಮಣಿಯನ್ನು ಮಾಲಿನ ನಡುವೆ ಉಳಿಸಿಕೊಂಡಿದ್ದಾರೆ. ವರ್ಲಿಯ ಬಿ.ಡಿ.ಡಿ. ಚಾಳಿನ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರಡಿಯ ಹೊಸ ಮನೆಗಳ ಕೀಲಿಕೈ ಸಿಕ್ಕಿತು. ಅಲ್ಲಿ ಅಡಿಗೆಮನೆ ಬೇರೆಯೇ ಇದೆ. ಸಂತೋಷದ ವಿಷಯ. ಹೊಗೆಯ ಒಲೆ ಮತ್ತೆ ಬರಲೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಸಂಘ-ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಹಾರ, ಭಾಷಣಗಳ ಚಿತ್ರ ಸಿಕ್ಕಷ್ಟು ಶೇಗಡಿಯ ಮುಂದೆ ಕುಳಿತ ತಾಯಿಯ ಚಿತ್ರ ಸಿಗದು. ಖೋಲಿ ಒಡೆಸಲಿರುವ ವಾಚಕರು, ಅದು ಯಾವ ಮೂಲೆಯಲ್ಲಿತ್ತು, ಇದ್ದಲು ಎಲ್ಲಿಂದ ಬರುತ್ತಿತ್ತು, ಆಷಾಢದ ಮಳೆಯಲ್ಲಿ ಹೇಗೆ ಹೊತ್ತಿಸುತ್ತಿದ್ದರು ಎಂದು ಮನೆಯ ಅಜ್ಜಿಯಂದಿರನ್ನು ಕೇಳಿ ಬರೆದು ಕಳುಹಿಸಬೇಕು.