ದವಡೆಗೆ ಬಂದ ಸಿಟ್ಟು

ಪತ್ರಿಕೆಯ ತಲೆಬರಹಗಳನ್ನು ಸ್ವಲ್ಪ ಗಮನವಿಟ್ಟು ಓದಿ. ಮಂತ್ರಿಗಳು ‘ಗರಂ’ ಆಗುತ್ತಾರೆ, ವಿರೋಧ ಪಕ್ಷದವರು ‘ಕಿಡಿಕಾರುತ್ತಾರೆ’, ಜಿಲ್ಲಾಧಿಕಾರಿಗಳು ‘ತರಾಟೆಗೆ ತೆಗೆದುಕೊಳ್ಳುತ್ತಾರೆ’. ಬೇಸಿಗೆಯಲ್ಲಿ ನಲ್ಲಿಗೆ ನೀರು ಬಾರದ ಊರಿನವರು ಮಾತ್ರ ‘ರೊಚ್ಚಿಗೇಳುತ್ತಾರೆ’. ಮೈಯೊಳಗೆ ಏಳುವುದು ಎಲ್ಲರಿಗೂ ಒಂದೇ. ಅದಕ್ಕೆ ಇಡುವ ಹೆಸರು ಮಾತ್ರ ಆಳನ್ನು ನೋಡಿಕೊಂಡು. ಮಗುವಿನದಾದರೆ ಹಠ, ಹೆಂಡತಿಯದಾದರೆ ಮುನಿಸು, ಸೊಸೆಯದಾದರೆ ಸಿಡುಕು, ಮುದುಕರದಾದರೆ ಗೊಣಗಾಟ, ಋಷಿಯದಾದರೆ ನೇರ ಶಾಪ. ಇಷ್ಟು ಹೆಸರು ಹಂಚಿ ಮುಗಿದ ಮೇಲೆ ‘ಸಿಟ್ಟು’ ಎಂಬ ಬರಿಯ ಮಾತು ಯಾರ ಪಾಲಿಗೆ ಉಳಿಯಿತು? ಗಾದೆ ಹೇಳುತ್ತದೆ: ಬಡವನ ಸಿಟ್ಟು ದವಡೆಗೆ ಮೂಲ.

ಇದಕ್ಕೆ ಎರಡು ಅರ್ಥ ಹೇಳುವವರಿದ್ದಾರೆ. ಬಡವ ಸಿಟ್ಟಾದರೆ ಉಳ್ಳವನು ದವಡೆಗೆ ಬಾರಿಸುತ್ತಾನೆ, ಆದ್ದರಿಂದ ಸುಮ್ಮನಿರು ಎನ್ನುವುದು ಒಂದು. ಬಡವನಿಗೆ ಸಿಟ್ಟನ್ನು ತೋರಿಸಲು ಜಾಗವಿಲ್ಲ, ಹಲ್ಲು ಕಡಿದುಕೊಂಡು ಕೂರುತ್ತಾನೆ, ನೋಯುವುದು ಅವನದೇ ದವಡೆ ಎನ್ನುವುದು ಇನ್ನೊಂದು. ಮೊದಲನೆಯದು ಬುದ್ಧಿವಾದ, ಅದೂ ಬಾರಿಸುವವನ ಕಡೆಯಿಂದ ಬಂದ ಬುದ್ಧಿವಾದ. ಎರಡನೆಯದು ಕಂಡದ್ದನ್ನು ಕಂಡಂತೆ ಹೇಳಿದ್ದು. ನಮ್ಮ ಸಿನಿಮಾ ಬಹುಮಟ್ಟಿಗೆ ಮೊದಲನೆಯ ಅರ್ಥದ ಜೊತೆ ಜಗಳಕ್ಕೆ ನಿಂತಿತು. ಹೀರೊ ಹೊಡೆಸಿಕೊಳ್ಳುವುದಿಲ್ಲ, ತಿರುಗಿ ಹೊಡೆಯುತ್ತಾನೆ, ಶಿಳ್ಳೆ ಬೀಳುತ್ತದೆ. ಎರಡನೆಯ ಅರ್ಥವನ್ನು ಒಳಹೊಕ್ಕು ನೋಡಿದ್ದು ಹೆಚ್ಚಾಗಿ ಕಾದಂಬರಿ ಮತ್ತು ಕಾದಂಬರಿಯ ಬೆನ್ನು ಹಿಡಿದು ಹೋದ ಕೆಲವು ಚಿತ್ರಗಳು.

1972ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಕನ್ನಡಿಗರು ಎರಡು ಬಗೆಯ ಸಿಟ್ಟನ್ನು ದುಡ್ಡು ಕೊಟ್ಟು ನೋಡಿದರು. ಟಿ.ಕೆ. ರಾಮರಾವ್ ಕಾದಂಬರಿಯಿಂದ ಸಿದ್ದಲಿಂಗಯ್ಯ ಮಾಡಿದ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಅವರ ರಾಜೀವ, ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಹೀಗಳೆದಾಗ ಎದುರಾಡದೆ ಮನೆ ಬಿಟ್ಟು ನಡೆಯುತ್ತಾನೆ. ಜನ ಅತ್ತರು. ಅದೇ ವರ್ಷದ ಕೊನೆಯಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಂತು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗ, ರಾತ್ರಿ ಪ್ರಿನ್ಸಿಪಾಲರ ಮನೆಗೆ ಕಲ್ಲು ತೂರಿ, ಅಟ್ಟಿಸಿಕೊಂಡು ಬಂದ ಅವರನ್ನೇ ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಓಡುತ್ತಾನೆ. ಜನ ಅದಕ್ಕೂ ಒಲಿದರು. ನುಂಗಿಕೊಂಡವನಿಗೂ ಉಗುಳಿದವನಿಗೂ ಒಂದೇ ವರ್ಷದಲ್ಲಿ ಅದೇ ಪ್ರೇಕ್ಷಕರು ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡರು.

‘ನಾಗರಹಾವು’ವಿನ ಆ ಹುಡುಗ ರಾಮಾಚಾರಿಯ ಸಿಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವನು ಹಸಿದವನಲ್ಲ, ಜಾತಿಯಲ್ಲೂ ಕೆಳಗಿನವನಲ್ಲ. ಚಿತ್ರದುರ್ಗದ ಆಚಾರವಂತರ ಮನೆಯ ಹುಡುಗ. ಊರಿಗೆ ಪೋಕರಿ, ಅಪ್ಪನಿಗೆ ತಲೆನೋವು. ಅವನು ಕೇಳುವುದು ಚಾಮಯ್ಯ ಮೇಷ್ಟ್ರ ಮಾತು ಒಂದನ್ನೇ. ಆ ಮೇಷ್ಟ್ರೇ ಅವನ ಬಾಳನ್ನು ಮುರಿಯುವವರೂ ಹೌದು. ಕೇಡು ಬಗೆದಲ್ಲ, ಪ್ರೀತಿಯಿಂದ. ನೀನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎನ್ನುತ್ತಾರೆ, ಅವನು ಬಿಟ್ಟುಬಿಡುತ್ತಾನೆ. ಮೇಷ್ಟ್ರ ಮಾತಿಗೆ ತಲೆಬಾಗಿ ಬಿಟ್ಟುಕೊಟ್ಟ ಹುಡುಗಿ ಮುಂದೊಂದು ದಿನ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಎದುರಾದಾಗ ಅವನಿಗೆ ಬರುವ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು? ಪುಂಡರಾದರೆ ಹೊಡೆಯಬಹುದಿತ್ತು. ಮೇಷ್ಟ್ರಾದ ಕೆ.ಎಸ್. ಅಶ್ವತ್ಥ್ ಅವರ ಆ ಸಾಧು ಮುಖಕ್ಕೆ ಹೊಡೆಯುವುದು ಹೇಗೆ?

‘ನಾಗರಹಾವು’ ಬಂದ ಕೆಲವೇ ತಿಂಗಳ ಮೇಲೆ, 1973ರ ಮೇ ತಿಂಗಳಲ್ಲಿ, ಹಿಂದಿಯಲ್ಲಿ ‘ಜಂಜೀರ್’ ಬಂತು. ಅಮಿತಾಭ್ ಬಚ್ಚನ್ ‘ಆಂಗ್ರಿ ಯಂಗ್ ಮ್ಯಾನ್’ ಆದರು. ಸಲೀಂ–ಜಾವೇದ್ ಬರೆದ ಆ ಸಿಟ್ಟಿಗೆ ವಿಳಾಸವಿತ್ತು. ಅಪ್ಪ ಅಮ್ಮನನ್ನು ಕೊಂದವನು ಇಂಥವನು, ಅವನ ಕೈಗೆ ಇಂಥ ಸರಪಳಿ. 1975ರ ‘ದೀವಾರ್’ನಲ್ಲಂತೂ ಅನ್ಯಾಯವನ್ನು ಹುಡುಗನ ತೋಳಿನ ಮೇಲೆ ಹಚ್ಚೆಯಾಗಿ ಬರೆದೇಬಿಟ್ಟಿದ್ದರು, ನನ್ನಪ್ಪ ಕಳ್ಳ ಅಂತ. ಸಿಟ್ಟಿಗೆ ಕಾರಣವೇನು ಎಂದು ಯಾರಾದರೂ ಕೇಳಿದರೆ ತೋಳು ಮಡಚಿ ತೋರಿಸಬಹುದು. ರಾಮಾಚಾರಿಗೆ ಆ ಅನುಕೂಲವಿಲ್ಲ. ಅವನ ಸಿಟ್ಟು ತಾನು ಕಾಲಿಗೆ ಬೀಳುವವರ ಮೇಲೇ ತಿರುಗಬೇಕಾದ ಸಿಟ್ಟು. ಕೊನೆಗೆ ಬೆಟ್ಟದ ತುದಿಯಲ್ಲಿ ಮೇಷ್ಟ್ರು ಕೆಳಗುರುಳುತ್ತಾರೆ, ಅವರ ಹಿಂದೆ ಇವನೂ ಹಾರುತ್ತಾನೆ. ಪುಟ್ಟಣ್ಣ ಇದೇ ಕಥೆಯನ್ನು 1974ರಲ್ಲಿ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ಒಯ್ದರು, ಅಲ್ಲಿ ಅದು ಕಚ್ಚಿಕೊಳ್ಳಲಿಲ್ಲ. ಮೇಷ್ಟ್ರ ಮೇಲೆ ಸಿಟ್ಟು ಬರುವುದು, ಬಂದದ್ದಕ್ಕೆ ನಾಚುವುದು, ಎರಡೂ ಗೊತ್ತಿರುವ ಊರಿನ ಕಥೆ ಅದು ಎಂದು ನನ್ನ ಊಹೆ. ಮೂಲ ಕಾದಂಬರಿ ಬರೆದ ತ.ರಾ.ಸು. ಅವರಿಗೆ ಸಿನಿಮಾ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಎಂದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಕೇರೆಹಾವಿಗೆ ವಿಷವಿಲ್ಲ ನಿಜ. ಆದರೆ ರಾಮಾಚಾರಿಯಾದ ವಿಷ್ಣುವರ್ಧನ್ ಅವರ ಆ ಕಣ್ಣುಗಳನ್ನು ಕಂಡ ಮೇಲೆ ಕಾದಂಬರಿಕಾರರ ಮಾತನ್ನು ಪೂರ್ತಿ ಒಪ್ಪಲು ನನಗೆ ಕಷ್ಟ.

ಈಗ ದವಡೆಯ ಎರಡನೆಯ ಅರ್ಥಕ್ಕೆ ಬರೋಣ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿದ್ದು 1975ರಲ್ಲಿ. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಚೋಮ ಕೇಳುವುದು ಬೇಸಾಯಕ್ಕೆ ಒಂದು ತುಂಡು ಭೂಮಿ. ಎರಡು ಎತ್ತು ಇವೆ, ಗೇಯುವ ಕೈ ಇದೆ. ಹೊಲೆಯ ಆರು ಕಟ್ಟುವುದುಂಟೇ ಎಂಬ ಒಂದೇ ಮಾತಿಗೆ ಎಲ್ಲ ನಿಂತುಹೋಗುತ್ತದೆ. ಚೋಮ ಧಣಿಯ ಅಂಗಳದಲ್ಲಿ ಕೂಗಾಡುವುದಿಲ್ಲ. ಗುಡಿಸಲಿಗೆ ಬಂದು ಕಳ್ಳು ಕುಡಿದು ದುಡಿ ಬಾರಿಸುತ್ತಾನೆ. ವಾಸುದೇವ ರಾವ್ ಅವರ ಮುಖ ನೋಡಿ: ಮಾತಾಡುವಾಗ ಬಾಗಿದ ಕುತ್ತಿಗೆ ದುಡಿ ಹಿಡಿದಾಗ ನೆಟ್ಟಗಾಗುತ್ತದೆ. ಧಣಿಗೆ ಹೇಳಬೇಕಾದದ್ದನ್ನು ಚರ್ಮಕ್ಕೆ ಹೇಳುತ್ತಾನೆ. ಒಬ್ಬ ಮಗ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಎಂದು ದಡದಲ್ಲಿದ್ದವರು ಕೈಕಟ್ಟಿ ನಿಂತ ಮೇಲೂ ಅಷ್ಟೇ.

ಅವನ ಸಿಟ್ಟು ಒಂದು ಸಲ ನಿಜವಾಗಿ ಕೈಗೆ ಇಳಿಯುತ್ತದೆ. ಯಾರ ಮೇಲೆ? ಬೆಳ್ಳಿಯ ಮೇಲೆ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ ಅಲ್ಲಿ ಕಾಣಬಾರದ್ದನ್ನು ಕಂಡು ಬಂದ ಮಗಳ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಇಲ್ಲಿ ಕೊತ್ತಿಯ ಜಾಗದಲ್ಲಿ ಬೆಳ್ಳಿ ನಿಂತಿದ್ದಾಳೆ. ಕಾರಂತರು ಇಬ್ಬರೂ ಚೋಮನನ್ನು ದೊಡ್ಡವನನ್ನಾಗಿ ಮಾಡಲು ಈ ಏಟನ್ನು ಮರೆಮಾಚಬಹುದಿತ್ತು. ಮರೆಮಾಚಲಿಲ್ಲ. ಅನ್ಯಾಯಕ್ಕೆ ಒಳಗಾದವನು ಅದರಿಂದಲೇ ಒಳ್ಳೆಯವನಾಗಿಬಿಡುವುದಿಲ್ಲ ಎನ್ನುವುದು ಅವರಿಬ್ಬರಿಗೂ ಗೊತ್ತಿತ್ತು. ಚೋಮನ ಮೇಲೆ ನನಗೆ ಮರುಕಕ್ಕಿಂತ ಹೆಚ್ಚಾಗಿ ಗೌರವ ಹುಟ್ಟುವುದು ಈ ಕಾರಣಕ್ಕೇ ಇರಬೇಕು: ಅವನನ್ನು ಯಾರೂ ತೊಳೆದು ಮಡಿ ಮಾಡಿಲ್ಲ.

ಹೆಣ್ಣಿನ ಸಿಟ್ಟಿನದು ಬೇರೆಯೇ ಕಥೆ. ರಾಮಾಯಣ ಕೈಕೇಯಿಯ ಕೋಪಕ್ಕೆಂದು ಅರಮನೆಯೊಳಗೇ ಒಂದು ಕೋಣೆ ಬಿಟ್ಟಿತ್ತು, ಕೋಪಗೃಹ ಎಂದು ಹೆಸರೂ ಇಟ್ಟಿತ್ತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಸಿಗುವ ಕೋಣೆ ಮಾನಸಿಕ ಆಸ್ಪತ್ರೆಯಲ್ಲಿದೆ. ಪುಟ್ಟಣ್ಣನವರೇ 1971ರಲ್ಲಿ ಚಿತ್ರ ಮಾಡಿದರು, ಕಾವೇರಿ ಆದದ್ದು ಕಲ್ಪನಾ. ಬಾಣಂತನದ ನಂತರ ಬುದ್ಧಿ ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದವಳು. ಅಲ್ಲಿಂದಾಚೆಗೆ ಅವಳು ದನಿ ಎತ್ತಿದರೆ ಸಾಕು, ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಗಂಡ ಇನ್ನೊಬ್ಬಳ ಕಡೆ ತಿರುಗಿದ್ದಾನೆಂದು ತಿಳಿದಾಗ ಬರುವ ನ್ಯಾಯವಾದ ಸಿಟ್ಟನ್ನೂ ರೋಗ ಮರುಕಳಿಸಿದ್ದಕ್ಕೆ ಪುರಾವೆ ಎಂದೇ ಎಣಿಸುತ್ತಾರೆ. ಕೊನೆಗೆ ರೋಗ ನಿಜವಾಗಿಯೂ ಮರುಕಳಿಸುತ್ತದೆ. ಗಂಡಸು ಕಂಬಕ್ಕೆ ಪ್ರಿನ್ಸಿಪಾಲರನ್ನು ಕಟ್ಟಿದರೆ ಪುಂಡಾಟ, ಹೆಂಗಸು ಊಟದ ಮನೆಯಲ್ಲಿ ಲೋಟ ಕುಕ್ಕಿದರೆ ಹುಚ್ಚು. ಎರಡೂ ಒಬ್ಬನೇ ನಿರ್ದೇಶಕನ ಚಿತ್ರಗಳು, ನಡುವೆ ವರ್ಷವೊಂದರ ಅಂತರ.

ಸಿಟ್ಟನ್ನು ಎದೆಯಲ್ಲಿಟ್ಟುಕೊಳ್ಳದೆ ಬಾಯಲ್ಲೇ ಇಟ್ಟುಕೊಂಡವಳು ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ. ಅವಳ ಕೋಳಿ ಕಳೆದುಹೋಗಿದೆ. ಅದನ್ನು ಹುಡುಕುತ್ತಾ ಕೇರಿಯನ್ನೆಲ್ಲ ಸುತ್ತಿ, ಕಂಡವರನ್ನೆಲ್ಲ ಅನುಮಾನಿಸಿ, ಬಾಯಿಗೆ ಬಂದಂತೆ ಬೈಯುತ್ತಾಳೆ. ಅದೇ ಮನೆಯಲ್ಲಿ ಸಾಹುಕಾರನ ಕಡಲೆಕಾಯಿ ಬೆಂಕಿಯ ಸುತ್ತ ಕುಳಿತವರ ಹೊಟ್ಟೆ ಸೇರುತ್ತದೆ, ಸಿಪ್ಪೆ ಬೆಂಕಿ ಸೇರುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಕಡಲೆಕಾಯಿಯನ್ನು. ಮುದುಕಿಯ ಕೋಳಿಗೆ ದೂರು ದಾಖಲಾಗುವ ಠಾಣೆ ಇಲ್ಲ. ಬೈಗುಳವೇ ಅವಳ ಠಾಣೆ, ಅವಳ ಕೋರ್ಟು. ಆದರೂ ಓದುವಾಗ ಸಾಕವ್ವ ಸೋತವಳಂತೆ ಕಾಣುವುದಿಲ್ಲ. ಸಿಟ್ಟು ಮತ್ತು ನಗು ಒಂದೇ ಒಲೆಯ ಮೇಲೆ ಬೇಯುವುದನ್ನು ಕನ್ನಡದಲ್ಲಿ ಇಷ್ಟು ಸಲೀಸಾಗಿ ಬರೆದವರು ಕಡಿಮೆ.

ದೇವನೂರರ ತಲೆಮಾರಿಗೆ ಸಿಟ್ಟಿನ ನುಡಿಗಟ್ಟನ್ನು ಕೊಟ್ಟದ್ದರಲ್ಲಿ ಮೈಸೂರಿನ ಒಂದು ಭಾಷಣದ ಪಾಲಿದೆ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂದರು. ರಾಜ್ಯವೆಲ್ಲ ಗಲಾಟೆಯಾಯಿತು, ಮಂತ್ರಿಗಿರಿ ಹೋಯಿತು. ಮಂತ್ರಿಯಾದವನ ಮಾತೂ ದವಡೆಗೆ ಮೂಲವಾಯಿತು, ಏಕೆಂದರೆ ಜಾತಿಯ ಲೆಕ್ಕದಲ್ಲಿ ಅವರು ‘ಗರಂ’ ಆಗುವ ಸಾಲಿನವರಾಗಿರಲಿಲ್ಲ. ಆ ಏಟು ಬಿದ್ದ ಜಾಗದಿಂದಲೇ ದಲಿತ ಚಳವಳಿ ಎದ್ದಿತು.

ಅತ್ತ ಗಾಂಧಿನಗರದ ಚಿತ್ರೋದ್ಯಮ ಸಿಟ್ಟಿಗೆ ಹತಾರ ಹುಡುಕುತ್ತಿತ್ತು. 1981ರ ‘ಅಂತ’ದಲ್ಲಿ ಅಂಬರೀಶ್ ಅದಕ್ಕೆ ಖಾಕಿ ತೊಡಿಸಿದರು. 1995ರಲ್ಲಿ ಉಪೇಂದ್ರ ‘ಓಂ’ ಮಾಡಿ, ಪುರೋಹಿತರ ಮಗ ಸತ್ಯನ ಕೈಗೆ ಲಾಂಗು ಕೊಟ್ಟರು, ಪಕ್ಕದಲ್ಲಿ ಅಸಲಿ ರೌಡಿಗಳನ್ನೇ ನಿಲ್ಲಿಸಿದರು. ‘ಓಂ’ ಸತ್ಯ ಹೇಗೆ ಹಾಗಾದ ಎಂದು ವಿವರಿಸುವ ಕಷ್ಟ ತೆಗೆದುಕೊಂಡಿತ್ತು. ಅದನ್ನು ನೋಡಿ ಕಲಿತವರು ವಿವರಣೆಯನ್ನು ಬಿಟ್ಟು ಲಾಂಗನ್ನು ಉಳಿಸಿಕೊಂಡರು. ಈಗ ಉದ್ಯಮದಲ್ಲಿ ಸಿಟ್ಟಿಗೆ ‘ಮಾಸ್’ ಎನ್ನುತ್ತಾರೆ. ಯಾರ ಮೇಲೆ, ಯಾತಕ್ಕೆ ಎಂದು ಕೇಳುವವರಿಲ್ಲ. ಎಂಟ್ರಿಗೆ ಎಷ್ಟು ಹೊಗೆ, ಎಷ್ಟು ಸ್ಲೋ ಮೋಷನ್ ಎನ್ನುವುದಷ್ಟೇ ಮಾತು. ಇಂಥ ಚಿತ್ರಗಳ ಮೇಲೆ ನನಗೆ ನೈತಿಕ ತಕರಾರೇನೂ ಇಲ್ಲ, ಬೇಸರವಿದೆ. ಕಾರಣವಿಲ್ಲದ ಸಿಟ್ಟು ಎರಡೂವರೆ ಗಂಟೆ ತಾಳುವುದಿಲ್ಲ.

2022ರ ‘ಕಾಂತಾರ’ ಈ ಗುಂಪಿನಿಂದ ಸ್ವಲ್ಪ ಹೊರಗೆ ನಿಲ್ಲುವುದು ಕರಾವಳಿಯ ಒಂದು ಮಾತಿನ ದೆಸೆಯಿಂದ. ಆವೇಶ ಎಂದರೆ ಸಿಟ್ಟಿನ ಭರವೂ ಹೌದು, ದೈವ ಮೈಮೇಲೆ ಬರುವುದೂ ಹೌದು. ನಾಯಕ ಶಿವ ಚಿತ್ರದ ಬಹುಪಾಲು ಸಿಟ್ಟಾಗುವುದು ಅರಣ್ಯಾಧಿಕಾರಿಯ ಮೇಲೆ. ಅವನ ಬಂಧು ಗುರುವನನ್ನು ಕೊಂದದ್ದು, ಊರಿನ ನೆಲಕ್ಕೆ ಕಣ್ಣು ಹಾಕಿದ್ದು ಉಣ್ಣಿಸಿ ಬೆನ್ನು ತಟ್ಟುವ ಧಣಿ. ತಪ್ಪು ವಿಳಾಸಕ್ಕೆ ಹೋಗುತ್ತಿದ್ದ ಸಿಟ್ಟು ಕೊನೆಗೆ ಗುರಿ ಮುಟ್ಟುವುದು ಗುಳಿಗ ದೈವ ಮೈಮೇಲೆ ಬಂದ ಮೇಲೆ. ಮನುಷ್ಯನಾಗಿಯೇ ಶಿವನಿಗೆ ಧಣಿಯನ್ನು ಮಣಿಸಲು ಆಗುತ್ತಿತ್ತೇ? ಚಿತ್ರಕ್ಕೆ ಆ ಧೈರ್ಯ ಇರಲಿಲ್ಲ ಎನ್ನಬಹುದು. ಆದರೆ ದೈವಗಳ ಕಥೆ ಹಾಡುವ ತುಳುನಾಡಿನ ಪಾಡ್ದನಗಳು ನಡೆದುಬಂದ ದಾರಿಯೂ ಅದೇ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡ, ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಕೈಕಾಲು ಕಡಿಸಿದ ಶಿಲ್ಪಿ. ಬದುಕಿದ್ದಾಗ ಅವನ ಸಿಟ್ಟಿಗೆ ಬೆಲೆ ಇರಲಿಲ್ಲ. ತಂಗಿ ಕಲ್ಲುರ್ಟಿಯೊಡನೆ ದೈವವಾದ ಮೇಲೆ ಅರಸನ ಬೀಡಿಗೇ ಬೆಂಕಿ ಬಿತ್ತೆನ್ನುತ್ತದೆ ಕಥೆ. ಇಂದಿಗೂ ದೈವದ ಕೋಲ ಕಟ್ಟಿದ ರಾತ್ರಿ ಕಲ್ಕುಡನ ಗದರಿಕೆಯ ಮುಂದೆ ಊರಿನ ದೊಡ್ಡವರು ಕೈಮುಗಿದು ನಿಲ್ಲುತ್ತಾರೆ, ತಪ್ಪಾಯಿತು ಎನ್ನುತ್ತಾರೆ.

ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಬೆನ್ನಿನ ಅಣಿ ಬಿಚ್ಚಿ ಮುಖದ ಅರದಾಳ ತೊಳೆದ ಮೇಲೆ ಅದೇ ಆಳು ಹಗಲು ಹೊತ್ತಿನಲ್ಲಿ ಕೂಲಿ ಬಾಕಿಗೆಂದು ಅದೇ ಅಂಗಳದಲ್ಲಿ ದನಿ ಎತ್ತಿದರೆ ಅದಕ್ಕೆ ಆವೇಶ ಎನ್ನುವವರು ಯಾರೂ ಇಲ್ಲ, ಸೊಕ್ಕು ಎನ್ನುತ್ತಾರೆ. ಆ ಹಗಲಿನ ಕಥೆಯನ್ನು ದೈವದ ನೆರವಿಲ್ಲದೆ, ಲಾಂಗಿನ ನೆರವೂ ಇಲ್ಲದೆ ತೆಗೆಯಲು ಹೊರಟ ನಿರ್ದೇಶಕರಿಗೆ ಗಾಂಧಿನಗರದಲ್ಲಿ ನಿರ್ಮಾಪಕರು ಸಿಗುವುದು ಇವತ್ತಿಗೂ ಸುಲಭವಲ್ಲ.